ಅರ್ಧ ಗಂಟೆ ಯಾರೂ ಇಲ್ಲದಿದ್ದರೆ

"ಆ ದಾರ ಮುಟ್ಟಬ್ಯಾಡ್ರಿ ಯಪ್ಪಾ. ಅಮ್ಮಾರ ನೋಟಕ್ಕ ಅಡ್ಡ ಬಂದವ್ರನ್ನ ಮತ್ತ್ಯಾರ ಕಣ್ಣೂ ಕಾಣಂಗಿಲ್ಲ. ಹಂಗಂತ ಹೇಳೇ ದಾರ ಕಟ್ಟ್ಯಾರ."

ಮನೆಗೆಲಸದ ಹುಲುಗಮ್ಮ ಇದನ್ನು ಹೇಳುವಾಗ ಶಶಿಕಾಂತನ ಕೈಯಲ್ಲಿ ಬ್ಲೇಡು ಇತ್ತು. ಪಾರ್ವತಿನಗರದ ಆ ಮನೆಗೆ ಅವನು ಮನೆ ಅಳಿಯನಾಗಿ ಬಂದು ಮೂರೇ ತಿಂಗಳು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು. ಬಂದ ದಿನದಿಂದಲೂ ಅವನ ಕಣ್ಣಿಗೆ ಈ ಮನೆಯಲ್ಲಿ ಎಲ್ಲವೂ ಸುಮ್ಮಸುಮ್ಮನೆ ಉರಿಯುತ್ತಿತ್ತು, ಸುಮ್ಮಸುಮ್ಮನೆ ತಿರುಗುತ್ತಿತ್ತು. ಅದರಲ್ಲೂ ಅತ್ತೆಯ ಕೋಣೆಯ ಮೂಲೆಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಈ ಸರ್ವರ್ ಪೆಟ್ಟಿಗೆ.

ಅದು ಮಾವ ಮರಿಬಸಪ್ಪನವರದು. ಇಪ್ಪತ್ತು ವರ್ಷ ತಾವೇ ತೆಗೆದ ಮನೆಯ ವೀಡಿಯೊಗಳನ್ನೆಲ್ಲ ಅದಕ್ಕೆ ತುಂಬಿ, ಟಿವಿಯಲ್ಲಿ ಸದಾ ಓಡುವಂತೆ ಜೋಡಿಸಿ, ಹೋದ ವರ್ಷ ತೀರಿಕೊಂಡಿದ್ದರು. ಲಕ್ವ ಹೊಡೆದು ಮಲಗಿದ್ದ ಹೆಂಡತಿ ದಾಕ್ಷಾಯಣಮ್ಮನಿಗೆ ಕೈಕಾಲು ಹೋಗಿತ್ತು, ಮಾತು ಹೋಗಿತ್ತು. ಉಳಿದದ್ದು ಕಣ್ಣು ಮಾತ್ರ. ತಾವು ಹೋದಮೇಲೆ ಯಾರಾದರೂ ಆ ಟಿವಿ ಆರಿಸಿಬಿಟ್ಟಾರು ಎಂಬ ಭಯಕ್ಕೆ ಮರಿಬಸಪ್ಪ ಕುರುಗೋಡಿನಿಂದ ಗಾದಿಲಿಂಗನೆಂಬ ಮಂತ್ರಗಾರನನ್ನು ಕರೆಸಿ, ಪೆಟ್ಟಿಗೆಗೆ ಕರಿದಾರ, ತಾಮ್ರದ ತಗಡು, ಒಂದು ನಿಂಬೆಹಣ್ಣು ಕಟ್ಟಿಸಿದ್ದರು. ಪ್ರತಿ ವೀಡಿಯೊದ ಕೊನೆಗೂ ಅವರು ಕ್ಯಾಮೆರಾವನ್ನು ತಮ್ಮತ್ತ ತಿರುಗಿಸಿಕೊಂಡು ಒಂದೇ ಮಾತು ಕೇಳುತ್ತಿದ್ದರು: "ಉಂಡ್ಯೇನು ದಾಕ್ಷಾಣಿ?" ಹಾಸಿಗೆಯ ಮೇಲಿಂದ ದಾಕ್ಷಾಯಣಮ್ಮ ಒಮ್ಮೆ ರೆಪ್ಪೆ ಮುಚ್ಚಿ ತೆರೆಯುತ್ತಿದ್ದರು. ಗಂಡ ಹೆಂಡಿರ ಸಂಸಾರ ಅಷ್ಟರಲ್ಲೇ ನಡೆದಿತ್ತು.

"ದಾರ ಫ್ಯಾನಿನ ಜಾಲರಿಗೆ ಸಿಕ್ಕೊಂಡೈತಿ, ಹುಲುಗಮ್ಮ. ನಿನ್ನ ಮಂತ್ರಕ್ಕ ಸೆಕಿ ಆಗಂಗಿಲ್ಲ, ಪೆಟ್ಟಿಗಿಗೆ ಆಗತೈತಿ."

ಹೇಳಿ ನಕ್ಕ. ಕೊಯ್ದ. ಒಣಗಿದ ನಿಂಬೆಹಣ್ಣು ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು. ಎಲ್ಲಿಂದಲೋ ಒಣಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಬಡಿಯಿತು. ಪಕ್ಕದ ಮನೆಯ ಒಗ್ಗರಣೆ ಇರಬೇಕು ಅಂದುಕೊಂಡ.

ಅಂದೇ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದ. ಅರ್ಧ ಗಂಟೆ ಯಾರೂ ರಿಮೋಟಿನ ಗುಂಡಿ ಒತ್ತದಿದ್ದರೆ, ಕೋಣೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಪೆಟ್ಟಿಗೆ ತಾನಾಗಿ ಮಲಗಬೇಕು. ಗುಂಡಿ ಒತ್ತಿದರೆ ಏಳಬೇಕು. ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಅರುಣಾಗೂ, ಈ ಮನೆಗೆ ಬುದ್ಧಿ ಅನ್ನುವುದು ನಾನು ಬಂದಮೇಲೆ ಬಂತು ಎಂದ. ಅರುಣಾ ಗಂಡನ ಜಾಣತನ ನಂಬಿದಳು. ಖಾಲಿ ಕೋಣೆಯ ಫ್ಯಾನು, ಲೈಟು ಆರಿಸುವುದನ್ನು ಅವಳೂ ರೂಢಿ ಮಾಡಿಕೊಂಡಳು.

ಮರುದಿನ ಮಧ್ಯಾಹ್ನ ಹುಲುಗಮ್ಮ ಬಟ್ಟೆ ಒಗೆದು ಒಳಗೆ ಬಂದರೆ ಟಿವಿ ಕಪ್ಪಾಗಿತ್ತು. ದಾಕ್ಷಾಯಣಮ್ಮ ಆ ಕಪ್ಪನ್ನೇ ನೋಡುತ್ತಿದ್ದರು. ಕಣ್ಣೀರು ಕಿವಿಯೊಳಗೆ ಇಳಿದು ದಿಂಬು ಒದ್ದೆಯಾಗಿತ್ತು. ಅವಳು ಗುಂಡಿ ಒತ್ತಿ ಹಚ್ಚಿ ಅಡುಗೆಗೆ ಹೋದಳು. ಅರ್ಧ ಗಂಟೆಗೆ ಮತ್ತೆ ಕತ್ತಲೆ. ಹಚ್ಚಿದಂತೆಲ್ಲ ಕತ್ತಲೆ.

ಸಂಜೆ ಅವಳು ಬಂದು ಕೇಳಿದಾಗ ಶಶಿಕಾಂತ ಮೊಬೈಲಿನಲ್ಲಿ ಪೆಟ್ಟಿಗೆಯ ದಾಖಲೆ ತೆರೆದ. ಹನ್ನೊಂದು ಸಲ ಮಲಗಿತ್ತು. ಪ್ರತಿ ಸಲವೂ ಒಂದೇ ಸಾಲು: ನೋಡುವವರು ಯಾರೂ ಇಲ್ಲ. ಆ ಸಾಲನ್ನು ಬರೆದವನು ಅವನೇ. ಗುಂಡಿ ಒತ್ತಲು ಬೆರಳೇ ಆಡದ ಜೀವವನ್ನು ತಾನು ಲೆಕ್ಕಕ್ಕೇ ಹಿಡಿದಿರಲಿಲ್ಲ ಎಂದು ಆಗಲೇ ಹೊಳೆಯಿತು. ಎರಡು ನಿಮಿಷದ ಕೆಲಸ, ಅಳಿಸಿದರೆ ಮುಗಿಯಿತು. ಆದರೆ ಊರಿಗೆಲ್ಲ ಹೇಳಿಕೊಂಡು ಬಂದಾಗಿತ್ತಲ್ಲ! ಮನೆಗೆಲಸದವಳ ಮುಂದೆ ತಪ್ಪಾಯಿತು ಅನ್ನಲು ನಾಲಿಗೆ ಏಳಲಿಲ್ಲ. ಕರೆಂಟು ಹೋಗಿತ್ತು ಅಂದ. ಮರುದಿನವೂ ಅದನ್ನೇ ಅಂದ. ನಾಲ್ಕು ದಿನ ಅದನ್ನೇ ಅಂದ. ಅತ್ತೆಯ ಕೋಣೆಯ ಮುಂದೆ ಹಾಯುವಾಗ ಮಾತ್ರ ತಲೆ ತಗ್ಗಿಸಿಕೊಂಡು ಹಾಯುತ್ತಿದ್ದ.

ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಉಣ್ಣುವ ದಿನ ಬಂತು.

ಐದನೆಯ ದಿನ ಕಾಲೇಜಿನ ಹಾಜರಿ ಯಂತ್ರ ಅವನ ಬೆರಳನ್ನು ಗುರುತಿಸಲಿಲ್ಲ. ಪಾಠ ಮಾಡಿದರೆ ಹುಡುಗರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸರ್ ಬಂದಿಲ್ಲವೆಂದು ಎದ್ದು ಹೋದರು. ಮಿರ್ಚಿ ಬಂಡಿಯವನು ಅವನ ಹಿಂದೆ ನಿಂತವರಿಗೆ ಕೊಟ್ಟ, ಅವನ ಹಿಂದಿನವರ ಹಿಂದಿನವರಿಗೂ ಕೊಟ್ಟ. ಕೈ ಮಾಡಿದರೆ ಒಂದು ಆಟೋವೂ ನಿಲ್ಲಲಿಲ್ಲ. ಕೆಂಡದಂಥ ಬಿಸಿಲಲ್ಲಿ ನಡೆದು ಮನೆ ಸೇರಿದ.

ಅರುಣಾ ನಡುಮನೆಗೆ ಬಂದಳು. ಅವನು ಫ್ಯಾನಿನ ಕೆಳಗೇ ಕೂತಿದ್ದ. "ಯಾರೂ ಇಲ್ಲದ ಕೋಣ್ಯಾಗ ಫ್ಯಾನ್ ಯಾರ ಬಿಟ್ಟಾರ?" ಎಂದು ಗೊಣಗಿ ಆರಿಸಿದಳು. ಅವನು ಕೂಗಿದ. ತೋಳು ಹಿಡಿದು ಎಳೆದ. ಅವಳು ಸೊಳ್ಳೆ ಕೂತಿತೆಂಬಂತೆ ತೋಳು ಕೊಡವಿಕೊಂಡು ಗಂಡನಿಗೆ ಫೋನು ಹಚ್ಚಿದಳು. ಅವನ ಜೇಬಿನಲ್ಲೇ ರಿಂಗಾಯಿತು. ಅವನ ಬೆರಳಿಗೆ ಫೋನು ಓಗೊಡಲಿಲ್ಲ. ಆ ಸದ್ದೂ ಅವಳಿಗೆ ಕೇಳಿಸಲಿಲ್ಲ.

ಆಗ ಹುಲುಗಮ್ಮನ ಮಾತು ನೆನಪಾಯಿತು. ಅತ್ತೆಯ ಕೋಣೆಗೆ ಓಡಿದ.

ಬಿಸಿಲಿಗೆ ಪರದೆ ಎಳೆದಿತ್ತು. ಒಳಗೆ ಕತ್ತಲೆ. ಟಿವಿ ಕಪ್ಪು. ಪೆಟ್ಟಿಗೆ ಸದ್ದಿಲ್ಲದೆ ಮಲಗಿತ್ತು. ಮೆಣಸಿನಕಾಯಿ ಘಾಟು ಗಂಟಲು ಹಿಡಿಯಿತು. ಕತ್ತಲಲ್ಲಿ ಎರಡು ಕಣ್ಣು. ಅವು ಹೊರಳಿದವು. ಅವನ ಮೇಲೆ ನಿಂತವು.

ಅತ್ತೆ ನೋಡಿದರು. ಅವರಿಗೊಬ್ಬರಿಗೇ ಕಂಡ.

ಅವನು ಮಂಚದ ಪಕ್ಕ ಕುಸಿದ. ಕೆಳಗೆ ತಡಕಾಡಿ ನಿಂಬೆಹಣ್ಣು ಹಿಡಿದ. ಬೆರಳ ಸಂದಿಯಲ್ಲಿ ಬೂದಿಯಾಯಿತು. ರಿಮೋಟು ಒತ್ತಿದ. ಒತ್ತಿದ. ಒತ್ತುತ್ತಲೇ ಇದ್ದ. ಪೆಟ್ಟಿಗೆ ಏಳಲಿಲ್ಲ. ಅದರ ಲೆಕ್ಕದಲ್ಲಿ ಅಲ್ಲಿ ಯಾರೂ ಇರಲಿಲ್ಲ.

"ಅತ್ತಿ, ಕರೆಂಟು ಹೋಗಿರಲಿಲ್ರಿ. ನೀವು ನೋಡ್ತಿದ್ದದ್ದು ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ."

ದಾಕ್ಷಾಯಣಮ್ಮ ಒಮ್ಮೆ ರೆಪ್ಪೆ ಮುಚ್ಚಿದರು. ಆ ಒಂದು ಕ್ಷಣ ಅವನಿಗೆ ತನ್ನ ಕೈ ಕಾಣಲಿಲ್ಲ. ಮೊಣಕಾಲ ಕೆಳಗಿನ ನೆಲ ತಾಗಲಿಲ್ಲ. ತನ್ನ ಉಸಿರು ತನಗೇ ಕೇಳಲಿಲ್ಲ. ರೆಪ್ಪೆ ತೆರೆಯಿತು. ಕೈ ಮರಳಿ ಬಂತು.

ಅವನಿಗೆ ಅರ್ಥವಾಯಿತು.

"ನಿದ್ದಿ ಮಾಡಬ್ಯಾಡ್ರಿ ಅತ್ತಿ."

ಅವರಿಗೂ ಅರ್ಥವಾಯಿತು. ಆ ಕಣ್ಣಲ್ಲಿ ಸಿಟ್ಟನ್ನು ಹುಡುಕಿದ. ಸಿಟ್ಟಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಇರಲಿಲ್ಲ. ಆ ಮುದುಕಿ ಅವನಿಗಾಗಿ ಕಣ್ಣು ತೆರೆದು ಹಿಡಿದಿದ್ದರು. ಮಿಟುಕದೆ. ನೀರು ಸುರಿಯುತ್ತಿದ್ದರೂ ಮಿಟುಕದೆ. ಒಂದು ಗುಂಡಿಯನ್ನೂ ಒತ್ತಲಾಗದವರು, ತಮ್ಮಲ್ಲಿ ಉಳಿದಿದ್ದ ಅದೊಂದೇ ಶಕ್ತಿಯನ್ನು ಅವನಿಗೆ ಕೊಡುತ್ತಿದ್ದರು. ಭಯಕ್ಕಿಂತ ನಾಚಿಕೆಯೇ ಅವನನ್ನು ಹೆಚ್ಚು ಸುಟ್ಟಿತು. ಮುಖ ಮುಚ್ಚಿಕೊಳ್ಳೋಣವೆಂದರೆ, ಆ ನೋಟ ಬಿಟ್ಟರೆ ತಾನೇ ಇಲ್ಲ.

ಗೋಡೆ ಗಡಿಯಾರ ಟಿಕ್ಕೆನ್ನುತ್ತಿತ್ತು. ಹತ್ತು ನಿಮಿಷ. ಇಪ್ಪತ್ತು. ಕಣ್ಣು ಕೆಂಪಾದವು. ಇಪ್ಪತ್ತೈದು. ಎಡರೆಪ್ಪೆ ನಡುಗಿತು. ಬಿತ್ತು. ಎದ್ದಿತು. ಬಲರೆಪ್ಪೆ ಬಿತ್ತು. ಏಳಲಿಲ್ಲ. ಅವನು ಅತ್ತಿ ಎಂದ. ದನಿ ಬರಲಿಲ್ಲ. ಒಂದೇ ಕಣ್ಣು, ಅರ್ಧ ತೆರೆದದ್ದು. ಗೆರೆಯಷ್ಟು. ಅದೂ ಇಲ್ಲ.

ಬಾಗಿಲು ತೆರೆಯಿತು. ಅರುಣಾ ಲೈಟು ಹಾಕಿದಳು. ನೆಲದ ಮೇಲೆ ರಿಮೋಟು ಬಿದ್ದಿತ್ತು. ಎತ್ತಿ ಮಂಚದ ಮೇಲಿಟ್ಟು, ಹೊದಿಕೆ ಸರಿಮಾಡಿ, ಹಿಂದೆ ಬಂದ ಹುಲುಗಮ್ಮನಿಗೆ ಮೆಲ್ಲಗೆ ಹೇಳಿದಳು:

"ಅವ್ವ ಮಲಗ್ಯಾಳ. ಮತ್ತ್ಯಾರೂ ಇಲ್ಲ. ಲೈಟ್ ಆರಸು."

ಹುಲುಗಮ್ಮ ಮಂಚದ ಪಕ್ಕದ ನೆಲವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಆರಿಸಿದಳು.