ಎರಡು ಹೆಬ್ಬೆರಳುಗಳ ಆಟ

"ಆ ಗೇಮಿನ ಕೆಳಗಡೆ ಒಂದು ಕಿಂಡಿ ಇದ್ಯಾ, ನೋಡಿ."

ಪಕ್ಕದ ಕುರ್ಚಿಯ ಗಂಡಸು ಹೀಗೆ ಕೇಳಿದಾಗ ಅವಳು ಮುಖ ತಿರುಗಿಸಿದಳು. ಡಯಾಲಿಸಿಸ್ ಕೋಣೆಗೆ ಬರಲು ಶುರುಮಾಡಿ ಅವಳಿಗೆ ಅದು ಎರಡನೇ ವಾರ. ಎಡಚಿ ಟೈಲರ್ ಅವಳು. ಕತ್ತರಿ ಹಿಡಿಯುವ ಕೈ ಉಳಿಯಲಿ ಎಂದು ಡಾಕ್ಟರು ಬಲಗೈ ಆರಿಸಿದ್ದರು. ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ಆ ಕೈ ಅಲ್ಲಾಡಿಸದೆ, ತನ್ನ ರಕ್ತ ಮೆಷಿನ್ನಿಗೆ ಹೋಗಿ ಬರುವುದನ್ನು ನಾಲ್ಕು ಗಂಟೆ ನೋಡುತ್ತ ಕೂರಬೇಕು. ಹೊತ್ತು ಹೋಗಲೆಂದು ಅಕ್ಕ ಕೊಟ್ಟ, ಎರಡು ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮು ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಒಂಟಿ ಕೈಯಲ್ಲಿ ಅದನ್ನು ಆಡುವುದು ಹೇಗೆ? ಇವನಿಗೆ ತಮಾಷೆ ಬೇರೆ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಮರುಸರದಿಗೆ ಅವನು ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಗೇಮ್ ಕ್ಯಾಸೆಟ್ ತೆಗೆದ. "ನನ್ನ ಹಳೇ ಗೇಮು ಲಿಫ್ಟಿನ ಗುಂಡಿಗೆ ಬಿದ್ದು ಪುಡಿಯಾಯ್ತು. ಕ್ಯಾಸೆಟ್ ಉಳ್ಕೊಂಡಿದೆ. ನಿಮ್ಮದು ಹೊಸದಾದ್ರೂ ಹಳೇದನ್ನೂ ಓದುತ್ತೆ ಕಣ್ರೀ. ಅದಕ್ಕೇ ಕಿಂಡಿ ಕೇಳಿದ್ದು."

ಅವನು ಲಿಫ್ಟ್ ಮೆಕ್ಯಾನಿಕ್. ಆರು ವರ್ಷದಿಂದ ಅದೇ ಕುರ್ಚಿ. ಸಿಸ್ಟರ್ ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರು.

ಕ್ಯಾಸೆಟ್ ಕಿಂಡಿಯಲ್ಲಿ ಕೂತಿತು. ಅಗಲವಾದ ತೆರೆಯ ನಡುವೆ, ಸುತ್ತ ಕಪ್ಪು ಬಿಟ್ಟುಕೊಂಡು, ಪುಟ್ಟ ಅಳಿಲೊಂದು ಸೇತುವೆಯ ಮೇಲೆ ಬಂದು ನಿಂತಿತು.

"ಇಷ್ಟೇ ಇಷ್ಟು ಕಾಣುತ್ತಲ್ಲ!"

"ಹಳೇ ಕಾಲದ್ದು ನೋಡಿ, ಹೊಸ ಮನೇಲಿ ಮುದುರಿಕೊಂಡು ಕೂತಿದೆ."

ಅವಳಿಗೆ ನಗು ಬಂತು. ಆ ಕೋಣೆಯಲ್ಲಿ ಮೊದಲ ಸಲ.

ಅವನ ಎಡಗೈಗೆ ಸೂಜಿ, ಅವಳ ಬಲಗೈಗೆ ಸೂಜಿ. ನಡುವಿನ ಸ್ಟೂಲಿನ ಮೇಲೆ ಗೇಮು ಇಟ್ಟರೆ ಅವನ ಬಲ ಹೆಬ್ಬೆರಳು ಅಳಿಲನ್ನು ಓಡಿಸುತ್ತಿತ್ತು, ಅವಳ ಎಡ ಹೆಬ್ಬೆರಳು ನೆಗೆಸುತ್ತಿತ್ತು. ಅವನು ಓಡಿಸಿದಾಗ ಇವಳು ಒತ್ತುವುದು ತಡವಾಗಿ, ಅಳಿಲು ನೀರಿಗೆ ಬೀಳುತ್ತಿತ್ತು.

"ಟೈಲರ್ ಮೇಡಂ, ಅಳತೆ ತಪ್ಪಿತು."

"ನೀವು ಆತುರ ಬಿದ್ರೆ ನಾನೇನು ಮಾಡ್ಲಿ?"

ವಾರಕ್ಕೆ ಮೂರು ಬೆಳಿಗ್ಗೆ ಹೀಗೆ. ಬರಬರುತ್ತ ಅವನ ಉಸಿರು ನೋಡಿಯೇ ಯಾವಾಗ ಒತ್ತಬೇಕೆಂದು ಅವಳಿಗೆ ತಿಳಿಯಿತು. ಬೆರಳು ತಾಗಿದಾಗ ಇಬ್ಬರೂ ತೆರೆಯನ್ನೇ ನೋಡುತ್ತಿದ್ದರು. ಒಮ್ಮೆ ರಕ್ತದೊತ್ತಡ ಕುಸಿದು ಅವನ ಕಣ್ಣು ಮೇಲಾಯಿತು. ಸಿಸ್ಟರ್ ಓಡಿಬಂದು ಸರಿಮಾಡುವವರೆಗೂ ಅವಳು ಆ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದೇ ಇದ್ದಳು.

ಆ ಹೊತ್ತಿಗೇ ಅಕ್ಕನ ಕಿಡ್ನಿ ಅವಳಿಗೆ ಹೊಂದುತ್ತದೆಂದು ತಿಳಿಯಿತು. ಅವನಿಗೆ ಕೊಡಲು ಯಾರೂ ಇರಲಿಲ್ಲ. ಹೇಗೆ ಹೇಳುವುದು? ನಾಳೆ, ನಾಡಿದ್ದು ಎಂದು ಮೂರು ವಾರ ನುಂಗಿಕೊಂಡಳು. ಕೊನೆಗೆ ಸಿಸ್ಟರೇ ಬಾಯಿ ಬಿಟ್ಟರು: "ಸೋಮವಾರ ಆಪರೇಷನ್ ಅಲ್ವಾ? ಇವತ್ತೇ ಕೊನೆ ನಿಮ್ದು!"

ಅವನ ಹೆಬ್ಬೆರಳು ನಿಂತಿತು. ಅಳಿಲು ನೀರಿಗೆ ಬಿತ್ತು. "ನೀವು ಮತ್ತೆ ಇಲ್ಲಿಗೆ ಬರಬಾರ್ದು ಅನ್ನೋದೂ ನನ್ನಾಸೆ. ಬರ್ಬೇಕು ಅನ್ನೋದೂ ನನ್ನಾಸೆ. ಎರಡೂ ಹೇಳಿದ್ದೀನಿ, ಮೊದಲನೇದನ್ನ ಇಟ್ಕೊಳ್ಳಿ" ಎಂದ.

ಗೇಮನ್ನು ಅವನಿಗೇ ಬಿಟ್ಟು ಹೋಗಲು ನೋಡಿದಳು. ಅವನು ತೆಗೆದುಕೊಳ್ಳಲಿಲ್ಲ.

ಆಪರೇಷನ್ ಆದಮೇಲೆ ಸೋಂಕು ತಗಲಬಾರದೆಂದು ಐದು ತಿಂಗಳು ಅವಳು ಚೆಕಪ್ಪಿಗೆ ಬಿಟ್ಟರೆ ಹೊರಗೆ ಎಲ್ಲೂ ಹೋಗಲಿಲ್ಲ. ಮೈ ಚೇತರಿಸಿಕೊಂಡಿತು, ಮನಸ್ಸು ಆ ಕೋಣೆಯಲ್ಲೇ ಉಳಿಯಿತು. ಅವನ ಬಳಿಗೇ ಹೋಗುತ್ತೇನೆ ಎಂದಾಗ ಅಕ್ಕ ಅತ್ತುಬಿಟ್ಟಳು. "ಹೊಟ್ಟೆ ಕೊಯ್ಸಿಕೊಂಡು ಕಿಡ್ನಿ ಕೊಟ್ಟಿದ್ದು ನೀನು ಮತ್ತೆ ಅಲ್ಲಿಗೇ ಹೋಗಿ ಕೂರಲಿ ಅಂತಾನಾ? ನಾಳೆ ಅವನಿಗೆ ಏನಾದ್ರೂ ಆದ್ರೆ?"

ಡಾಕ್ಟರು ಹೊರಗೆ ಓಡಾಡಲು ಬಿಟ್ಟ ದಿನವೇ ಅವಳು ಮಾಸ್ಕ್ ಕಟ್ಟಿಕೊಂಡು ಹೊರಟಳು.

ಅವನು ಇನ್ನೂ ಇಳಿದುಹೋಗಿದ್ದ. ಕೆನ್ನೆಯ ಮೂಳೆ ಕಾಣುತ್ತಿತ್ತು. ಅವಳನ್ನು ಕಂಡು ಅವನಿಗೆ ಖುಷಿಗಿಂತ ಮೊದಲು ಕೋಪವೇ ಬಂತು. "ಬರಬೇಡಿ ಅಂದಿರಲಿಲ್ವಾ?"

"ಎರಡನೇದನ್ನೂ ನೀವೇ ಹೇಳಿದ್ದು."

"ನನ್ನ ಕಥೆ ಎಷ್ಟು ದಿನಾನೋ ಯಾರಿಗೆ ಗೊತ್ತು? ನಿಮ್ಮಕ್ಕ ಒಪ್ಪಿದ್ದಾರಾ?"

"ಅವಳ ಕಿಡ್ನಿ ಇಟ್ಕೊಂಡೇ ಬಂದಿದ್ದೀನಿ. ಅರ್ಧ ಒಪ್ಪಿದ ಹಾಗೇ."

ಅವನು ನಕ್ಕು, ಬಲಗೈಯಿಂದ ಸ್ಟೂಲನ್ನು ಅವಳತ್ತ ತಳ್ಳಿದ. ಅಷ್ಟರಲ್ಲಿ ಸಿಸ್ಟರ್ ರಿಜಿಸ್ಟರ್ ಹಿಡಿದು ಬಂದರು. ರೋಗಿಯ ಜೊತೆ ಕೂರುವವರ ವಿವರ ಬರೆಯಬೇಕಿತ್ತು. ಆರೂವರೆ ವರ್ಷ ಅವನ ಪುಟದಲ್ಲಿ ಆ ಸಾಲು ಖಾಲಿಯೇ ಇತ್ತು.

"ಸಂಬಂಧ ಏನಂತ ಬರೀಲಿ?"

ಅವಳು ಅವನತ್ತ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ಬೇಡ ಎನ್ನುತ್ತಾನೆ, ಎದ್ದು ಹೋಗಬೇಕಾಗುತ್ತದೆ ಎಂದುಕೊಂಡಳು.

"ಹೆಂಡತಿ ಅಂತ ಬರೀರಿ ಸಿಸ್ಟರ್" ಎಂದ ಅವನು, ಕಣ್ಣು ತೆರೆಯದೆಯೇ. "ಮುಂದಿನ ವಾರ ಆಗಿರ್ತಾಳೆ."