ನೋವೋ... ಭಯವೋ...

"ಮುಟ್ಟಬ್ಯಾಡ್ರಿ!"

ಪ್ರಿಯಂವದಾ ಬಲಗಾಲನ್ನು ಹಿಂದಕ್ಕೆಳೆದುಕೊಂಡಳು. ನಾರಾಯಣಗೂಡದ ಆ ಕ್ಲಿನಿಕ್‌ನಲ್ಲಿ ಅಲ್ಲಿಯವರೆಗೂ ತೆಲುಗು ಮಾತಾಡಿದ್ದವಳ ಬಾಯಿಂದ ಕನ್ನಡ ಬಂದದ್ದು ಕೇಳಿ, ಫಿಸಿಯೋಥೆರಪಿಸ್ಟ್ ವಿಶ್ವಜಿತ್ ಬೆರಗಾದ.

"ನಮ್ಮ ಕಡಿಯವರೇನ್ರಿ?" ಅವನು ಕೈ ಹಿಂದೆ ತೆಗೆದುಕೊಂಡ. "ನೀವು ಹೇಳೂತನಕ ಮುಟ್ಟಂಗಿಲ್ಲ. ನೋವು ಎಲ್ಲೈತಿ, ನೀವ ತೋರಸ್ರಿ."

ಅವಳು ಮೊಣಕಾಲಿನ ಒಳಬದಿಗೆ ಬೆರಳಿಟ್ಟು ತೋರಿಸಿದಳು. ಎರಡು ಸಲ ಗಾಯವಾಗಿ, ಎರಡು ಸಲ ಆಪರೇಷನ್ ಆದ ಮೊಣಕಾಲು ಅದು. ಎಲ್ಲರೂ ಸ್ಕ್ಯಾನ್ ನೋಡಿ ಮಾತಾಡಿದ್ದರು. ಅವಳನ್ನೇ ಕೇಳಿದವನು ಇವನೊಬ್ಬ...

ಒಂದು ಕಾಲಕ್ಕೆ ಕಾಲೇಜಿನ ಓಟಗಾರ್ತಿ. ಈಗ ಮೆಟ್ರೋ ಮೆಟ್ಟಿಲು ಇಳಿಯಲೂ ಕಂಬಿ ಬೇಕು.

ತಿಂಗಳುಗಳು ಕಳೆದವು. ಅವಳು ಒಂಟಿಕಾಲಲ್ಲಿ ನಿಂತಳು, ಜಿಗಿದಳು, ಮೆಲ್ಲಗೆ ಓಡಿದಳು. ಪ್ರತಿ ಸಲವೂ ಅವನ ಮುಖ ನೋಡಿ, "ಸರಿ ಐತೇನ್ರಿ?" ಎಂದು ಕೇಳುವಳು. "ಭಾಳ ಛಲೋ ಐತಿ" ಎಂದು ಅವನು ಹೇಳಿದರಷ್ಟೇ ಮುಂದಿನ ಹೆಜ್ಜೆ.

ಒಂದು ಸೋಮವಾರ ಅವನ ಜಾಗದಲ್ಲಿ ಸೌಂದರ್ಯಾ ಎಂಬ ಹೊಸಬಳು ನಿಂತಿದ್ದಳು. ವಿಶ್ವಜಿತ್ ಈ ಕೇಸನ್ನು ತನಗೆ ಬಿಟ್ಟುಕೊಟ್ಟಿದ್ದಾರೆ ಎಂದಳು. ಕಾರಣ ಅವಳಿಗೂ ಗೊತ್ತಿರಲಿಲ್ಲ.

ಈ ಕಾಲು ಇನ್ನು ಸರಿಯಾಗುವುದಿಲ್ಲ ಅಂತ ಅವನಿಗೆ ತಿಳಿದಿರಬೇಕು... ಹೇಳಲಾರದೆ ಕೈತೊಳೆದುಕೊಂಡ...

ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವನ ಫೋನ್ ಬಂದರೂ ಎತ್ತಲಿಲ್ಲ. ಆ ವಾರವೆಲ್ಲ ಹೀಗೇ. ಕೊನೆಗೊಂದು ಮುಂಜಾನೆ ಶೂ ಹಾಕಿಕೊಂಡಳು.

"ಮತ್ತ ಬಿದ್ದರ ಏನ್ ಗತಿಯವ್ವಾ?" ಎಂದರು ತಾಯಿ ಸತ್ಯಭಾಮಾ.

ಅವಳು ಲೇಸು ಬಿಗಿದು ಕಟ್ಟಿದಳು. ಹೊರಟೇಬಿಟ್ಟಳು.

ಉಸ್ಮಾನಿಯಾ ವಿಶ್ವವಿದ್ಯಾಲಯದ ರಸ್ತೆಯ ಇಳಿಜಾರಿನಲ್ಲಿ ಮೊಣಕಾಲು ಚುರ್ ಎಂದಿತು. ನಿಂತಳು. ಅಭ್ಯಾಸದಂತೆ ಪಕ್ಕಕ್ಕೆ ತಿರುಗಿದಳು. ಕೇಳಲು ಯಾರೂ ಇರಲಿಲ್ಲ.

ಇದು ನೋವೋ... ಭಯವೋ?

ಆ ಕಾಲಿನ ಮೇಲೆ ನಿಧಾನವಾಗಿ ಭಾರ ಹಾಕಿದಳು. ಗಾಯವಾದಾಗಿನ ನೋವು ಅವಳಿಗೆ ಚೆನ್ನಾಗಿ ಗೊತ್ತು. ಇದು ಅದಲ್ಲ, ದಣಿದ ಸ್ನಾಯುವಿನ ಬಿಗಿತ. ಕೊಂಚ ನಡೆದಳು. ಬಿಗಿತ ಸಡಿಲವಾಯಿತು. ಆಮೇಲೆ ಓಡಿದಳು, ಇಳಿಜಾರು ಮುಗಿಯುವವರೆಗೂ.

ಅಲ್ಲಿಂದ ಆಟೋ ಹಿಡಿದು ನೇರ ಕ್ಲಿನಿಕ್‌ಗೆ ಬಂದಳು. ವಿಶ್ವಜಿತ್ ಆಗಷ್ಟೇ ಬಾಗಿಲು ತೆರೆಯುತ್ತಿದ್ದ.

"ನನ್ನ ಕಾಲು ಸರಿ ಆಗಂಗಿಲ್ಲ ಅಂತ ಕೈಬಿಟ್ರಿ, ಹೌದಿಲ್ರಿ? ಇವತ್ತ ಇಳಿಜಾರಿನಾಗ ಓಡಿ ಬಂದೀನಿ."

"ಕಾಲು ಛಲೋನ ಐತಿ," ಎಂದ ಅವನು, ತಲೆ ಎತ್ತದೆ. "ನನ್ನ ಮನಸ್ಸ ಹಿಡಿತದಾಗ ಉಳೀಲಿಲ್ಲ. ನಿಮ್ಮನ್ನ ಬರೇ ಪೇಷಂಟ್ ಅಂತ ನೋಡಾಕ ಆಗವಲ್ದು. ಹಂಗಿದ್ದು ಟ್ರೀಟ್‌ಮೆಂಟ್ ಕೊಡೂದು ತಪ್ಪು... ಅದನ್ನ ಹೇಳಾಕ ಫೋನ್ ಮಾಡಿದ್ದೆ."

ಒಂದು ವಾರದ ಸಿಟ್ಟು ಎಲ್ಲಿಗೆ ಹೋಯಿತೋ...

"ನಾಳೆ ಮುಂಜಾನೆ ಬರ್ತೀರೇನ್ರಿ, ಓಡಾಕ?"

"ಕಾಲು ನೋಡಾಕೇನು?"

"ಕಾಲಿನ ಮಾತು ನಾ ಕೇಳಿಸ್ಕೋತೀನಿ. ನೀವು ಸುಮ್ಮನ ನನ್ನ ಜೋಡಿ ಬರ್ರಿ."

ಅವನು ಈಗ ತಲೆ ಎತ್ತಿದ. "ನನಗ ಅಷ್ಟು ಓಡಾಕ ಬರಂಗಿಲ್ರೀ. ಹಿಂದ ಉಳೀತೀನಿ."

"ಉಳೀರಿ," ಎಂದಳು ಪ್ರಿಯಂವದಾ. "ತಿರುಗಿ ಬಂದು ಕರ್ಕೊಂಡು ಹೋಗ್ತೀನಿ."