ಬಿಳಿ ಗೋಡೆಯ ಮುಂದೆ

ಪಾವನಾಳ ಮನಸ್ಸು ಕದ್ದದ್ದು ಉದಯ್‌ನ ಓರೆನೋಟ. ಬೇರೆ ಯಾರ ಜೊತೆಯಾದರೂ ಅವನು ಮುಖ ಕೊಟ್ಟು ಮಾತಾಡುತ್ತಿದ್ದ. ಪೇಂಟಿಂಗ್ ಮೇಸ್ತ್ರಿ ಭೋಜರಾಜನನ್ನೂ ನೇರವಾಗಿಯೇ ನೋಡುತ್ತಿದ್ದ. ಅವಳು ಬಾಯಿ ತೆರೆದರೆ ಮಾತ್ರ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಕಣ್ಣಂಚಿನಿಂದ ನೋಡಿ, ಸಣ್ಣಗೆ ನಗುತ್ತಿದ್ದ. ಮೈಸೂರು ಬಿಟ್ಟು ಬಂದು ಚೆನ್ನೈಯಲ್ಲಿ ಒಬ್ಬಳೇ ಇಂಟೀರಿಯರ್ ಕೆಲಸ ನಡೆಸುವ ಮೂವತ್ತೊಂದರ ಹೆಣ್ಣು ಇಷ್ಟಕ್ಕೆಲ್ಲ ಕರಗಬಾರದು. ಕರಗಿದಳು.

ಉದಯ್ ಹುಟ್ಟಿ ಬೆಳೆದದ್ದು ಪೆರಂಬೂರಿನಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಬೆಸೆಂಟ್ ನಗರದ ಹೊಸ ಫ್ಲ್ಯಾಟಿನ ಹಾಲ್ ಅವಳ ಕೈಗೆ ಒಪ್ಪಿಸಿದಾಗ ಅವನು ಕೇಳಿದ್ದು ಒಂದೇ.

"ಗೋಡೆ ಮಾತ್ರ ಬಿಳಿ ಇರ್ಲಿ. ಪಳಿಚ್ ಅಂತ ಹೊಳೀಬೇಕು."

"ಸಮುದ್ರದ ಗಾಳಿ ರೀ. ಆರು ತಿಂಗಳಲ್ಲಿ ಮಾಸಿಹೋಗತ್ತೆ."

"ಸೆರಿ, ಮಾಸಿದ್ರೆ ಮತ್ತೆ ನೀವೇ ಬನ್ನಿ."

ಹೇಳಿ ಅದೇ ಓರೆನೋಟ. ಮೆಸೇಜ್ ಕಳಿಸಿದರೆ, "ಟೈಪ್ ಮಾಡ್ಬೇಡಿ, ವಾಯ್ಸ್ ಕಳ್ಸಿ. ನಿಮ್ ದನಿ ಕೇಳ್ದಂಗೂ ಆಗ್ತದೆ" ಎನ್ನುತ್ತಿದ್ದ. ಇನ್ನೇನು ಬೇಕು? ಅವಳು ಬಿಳಿಯನ್ನು ಗೋಡೆಗಷ್ಟೇ ನಿಲ್ಲಿಸಲಿಲ್ಲ. ಸೋಫಾ ಬಿಳಿ, ಪರದೆ ಬಿಳಿ, ಟೀಪಾಯಿ ಬಿಳಿ, ನೆಲಹಾಸೂ ಬಿಳಿ. ಸರ್‌ಪ್ರೈಸ್ ಎಂದು ಒಂದು ವಾರ ಅವನನ್ನು ಒಳಗೇ ಬಿಡಲಿಲ್ಲ. ಒಪ್ಪಿಸುವ ದಿನ ತಾನೂ ಬಿಳಿ ಕಾಟನ್ ಸೀರೆ ಉಟ್ಟು ಗೋಡೆಯ ಮುಂದೆ ನಿಂತಳು.

ಉದಯ್ ಬಂದ. ಬೆಳಗಿನ ಬಿಸಿಲು ಹಾಲ್ ತುಂಬ ಹರಡಿತ್ತು. ಬಾಗಿಲಲ್ಲೇ ತಡೆದು ನಿಂತ.

"ಪಾವನಾ? ಎಲ್ಲಿದ್ದೀರ?"

ಎಂಟು ಹೆಜ್ಜೆ ದೂರದಲ್ಲಿ, ಎದುರಿಗೇ ಇದ್ದಾಳೆ! ಆಟ ಆಡಿಸುತ್ತಿದ್ದಾನೆ ಎಂದುಕೊಂಡು ಅವಳು ತುಟಿ ಕಚ್ಚಿ ನಗು ತಡೆದು ಸುಮ್ಮನೆ ನಿಂತಳು. ಅವನು ಮುಖವನ್ನು ಆ ಕಡೆ ಈ ಕಡೆ ಹೊರಳಿಸಿ, ಬೇಗಬೇಗ ನಾಲ್ಕು ಹೆಜ್ಜೆ ಇಟ್ಟ. ಟೀಪಾಯಿಯ ಅಂಚು ಮೊಣಕಾಲಿಗೆ ಬಡಿಯಿತು. ಮುಗ್ಗರಿಸಿ ಬಿದ್ದವನ ಹಣೆ ಸೋಫಾದ ಕೈಗೆ ತಾಗಿ ಹುಬ್ಬು ಒಡೆಯಿತು.

ಅವಳು ಓಡಿಬಂದು ಹಿಡಿದುಕೊಂಡಳು. "ಇಲ್ಲೇ ಇದ್ನಲ್ಲ ಉದಯ್! ಕಾಣ್ಲಿಲ್ವಾ?"

"ಇಲ್ಲ," ಎಂದ. ಈ ಸಲ ನಗಲಿಲ್ಲ.

ಕರ್ಚೀಫನ್ನು ಹುಬ್ಬಿಗೆ ಒತ್ತಿಕೊಂಡು ನೆಲದ ಮೇಲೆ ಕೂತೇ ಎಲ್ಲ ಹೇಳಿದ. ಎರಡು ವರ್ಷದಿಂದ ಅವನ ದೃಷ್ಟಿಯ ನಡುಭಾಗ ಅಳಿಸುತ್ತ ಬಂದಿದೆ. ನೇರ ನೋಡಿದ್ದು ಕಾಣುವುದಿಲ್ಲ, ಬದಿಯಲ್ಲಿರುವುದು ಕಾಣುತ್ತದೆ. ಅದಕ್ಕೇ ಮುಖ ತಿರುಗಿಸಿ ನೋಡುವುದು, ಅದಕ್ಕೇ ವಾಯ್ಸ್ ಮೆಸೇಜು. ಬಿಳಿ ಗೋಡೆಯ ಮುಂದೆ ಜನ, ಸಾಮಾನು ಎದ್ದು ಕಾಣುತ್ತವೆ ಎಂದು ಗೋಡೆಗೆ ಬಿಳಿ ಕೇಳಿದ್ದ. ಬಿಳಿಯ ಮುಂದೆ ಬಿಳಿ ಇಟ್ಟರೆ ಅವನಿಗೆ ಏನೂ ಇಲ್ಲದ ಹಾಗೆ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಗೊತ್ತಾದ್ರೆ ಎಲ್ರೂ ಮಗುನ ಮಾತಾಡಿಸ್ದಂಗೆ ಮಾತಾಡಿಸ್ತಾರೆ. ನೀವೊಬ್ರೇ ನನ್ ಕೂಡ ಜಗಳ ಆಡ್ತಿದ್ರಿ. ಅದು ತಪ್ಪಿಹೋಗ್ಬಾರ್ದು ಅಂತ."

ಪಾವನಾ ಆಟೋದಲ್ಲಿ ಅಳುತ್ತ ಮನೆಗೆ ಹೋದಳು. ಅವನ ಕಣ್ಣಿಗಾಗಿ ಅತ್ತದ್ದು ಅರ್ಧ, ಉಳಿದರ್ಧ ತನಗಾಗಿಯೇ. ಹಾಗಾದರೆ ಆ ನೋಟ ತನ್ನದಲ್ಲ, ಕಾಯಿಲೆಯದು. ಮೂರು ತಿಂಗಳು ಯಾವುದನ್ನು ಪ್ರೀತಿ ಎಂದು ಎದೆಯಲ್ಲಿಟ್ಟುಕೊಂಡು ಓಡಾಡಿದಳೋ ಅದು ಪ್ರೀತಿಯೇ ಅಲ್ಲ. ಅವನ ಹುಬ್ಬು ಒಡೆದಿರುವಾಗ ಇದನ್ನು ಯೋಚಿಸುತ್ತಿದ್ದೇನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಎರಡು ದಿನ ಅವನ ಮೆಸೇಜು ಬಂದರೂ ಕೇಳಲಿಲ್ಲ.

ಆದರೂ ಕೆಲಸದ ತಪ್ಪು ತಿದ್ದಲೇಬೇಕು. ಮೂರನೆಯ ದಿನ ಕಡುನೀಲಿ ಸೋಫಾ ಕವರು, ಕಪ್ಪು ಪೇಂಟು, ಜೊತೆಗೆ ಭೋಜರಾಜನನ್ನೂ ಆಟೋಗೆ ತುಂಬಿಕೊಂಡು ಹೊರಟಳು. ಅವಳುಟ್ಟ ಸೀರೆಯೂ ಕಡು ನೇರಳೆ. ಬೇಕೆಂದೇ ಉಟ್ಟೆಯಾ ಎಂದು ಕೇಳಿದರೆ ಒಪ್ಪುತ್ತಿರಲಿಲ್ಲ.

ಕೋಲಾರದ ಕಡೆಯ ಭೋಜರಾಜ ದಾರಿಯುದ್ದಕ್ಕೂ ಮಾತಾಡಿದ. "ಸಾರು ಬೋ ಒಳ್ಳೇರು ಮೇಡಂ. ನಮ್ಮಂಥೋರ್ನೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸ್ತಾರೆ."

ಪಾವನಾ ತಿರುಗಿ ಅವನನ್ನೇ ನೋಡಿದಳು.

ಭೋಜರಾಜ ಟೀಪಾಯಿ ಹೊತ್ತು ಬಾಲ್ಕನಿಗೆ ಹೋದ ಮೇಲೆ ಕೇಳಿದಳು. "ಮೇಸ್ತ್ರಿನ ನೇರ ನೋಡ್ತೀರಲ್ಲ. ಅವನ ಮುಖ ಕಾಣತ್ತಾ?"

"ಕಾಣಲ್ಲ. ಎದುರಿಗಿರೋರ್ಗೆ ಮರ್ಯಾದೆ ಅಂತ ನೇರ ನೋಡ್ತೀನಿ, ಅಷ್ಟೆ. ಆಫೀಸಲ್ಲೂ ಎಲ್ರ ಹತ್ರಾನೂ ಹಂಗೇ. ಅವ್ರ ಮುಖ ಕಾಣ್ದಿದ್ರೂ ನಡೀತದೆ."

"ಮತ್ತೆ ನನ್ನ?"



"ನಿಮ್ ಮುಖ ಕಾಣ್ದೆ ಇದ್ರೆ ನಂಗೆ ನಡೀತಿರ್ಲಿಲ್ಲ. ಏನಾದ್ರೂ ಅನ್ಕೊಳ್ಳಿ, ನೋಡ್ಬೇಕು ಅನ್ನಿಸ್ತು. ನಂಗೆ ನೀವಂದ್ರೆ ಇಷ್ಟ, ಪಾವನಾ."

"ಮುಂದೆ ಇನ್ನೂ ಕೆಟ್ರೆ?"

"ಬದಿಯದ್ದು ಉಳೀಬೋದು ಅಂತಾರೆ ಡಾಕ್ಟ್ರು. ಗ್ಯಾರಂಟಿ ಯಾರೂ ಕೊಡಲ್ಲ."

"ನಂಗೆ ಭಯ ಆಗತ್ತೆ ಉದಯ್."

"ನಂಗೂ."

ಭಯ ಹೋಗಲಿಲ್ಲ. ಅವಳೂ ಹೋಗಲಿಲ್ಲ. ಬಿಳಿ ಗೋಡೆಗೆ ಬೆನ್ನು ಕೊಟ್ಟು, ಅವನ ಕೈಗೆಟುಕುವಷ್ಟು ಹತ್ತಿರ ನಿಂತಳು. "ಇಲ್ಲಿದ್ದೀನಿ. ನೋಡ್ಕೊಳ್ಳಿ."

ಉದಯ್ ಮೆಲ್ಲನೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಅವನ ಕಣ್ಣಂಚಿಗೆ ಅವಳ ಹಣೆ ಬಂತು, ಮೂಗುತಿ ಬಂತು, ನಡುಗುವ ತುಟಿ ಬಂತು. ಅವಸರವಿಲ್ಲದೆ ನೋಡಿದ.

ಬ್ರಷ್ ಹಿಡಿದು ಒಳಗೆ ಬಂದ ಭೋಜರಾಜ ಇಬ್ಬರನ್ನೂ ಕಂಡು ಅಲ್ಲೇ ನಿಂತ. "ಏನ್ ಮೇಡಂ, ಸಾರು ಮುಖ ತಿರುಗಿಸ್ಕೊಂಡವ್ರೆ? ಜಗಳಾನಾ?"

"ಇಲ್ಲ ಭೋಜರಾಜ್," ಎಂದಳು ಪಾವನಾ. "ನನ್ನ ನೋಡ್ತಿದ್ದಾರೆ."